ಅವ್ವನ ಪಾದಕ್ಕೆ ಹತ್ತದ ಗುಳಿಗೆ

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲ ಪ್ರಾಣಿ ನಾನು. ಸನತ್‌ನಗರದ ನಮ್ಮ ಒಂದು ಕೋಣೆಯ ಮನೆಯಲ್ಲಿ ಗೋಡೆಗೆ ಇದ್ದದ್ದು ಒಂದೇ ಮೊಳೆ. ಅದರಲ್ಲಿದ್ದ ದೇವರ ಕ್ಯಾಲೆಂಡರನ್ನು ಇಳಿಸಿ, ಅವ್ವ ನನ್ನ ಬಿ.ಎಸ್ಸಿ. ಸರ್ಟಿಫಿಕೇಟಿಗೆ ಫ್ರೇಮು ಹಾಕಿಸಿ ತೂಗುಹಾಕಿದಳು. ದೇವರು ಬಾಗಿಲ ಹಿಂದಕ್ಕೆ ಹೋದ. ಅವನಿಗೆ ಬೇಸರವಾಗಿರಬಹುದು, ನನಗಂತೂ ಆಗಲಿಲ್ಲ. ಅವನೇನು ಪರೀಕ್ಷೆ ಬರೆದಿದ್ದನೇ?

ಅವ್ವ ಯಾದಗಿರಿ ಕಡೆಯವಳು, ಹೆಬ್ಬೆಟ್ಟು. ಹೈದರಾಬಾದಿನ ನಮ್ಮ ಈ ಮನೆಗೆ ಹತ್ತಿರದ ಸಣ್ಣ ಕಾರ್ಖಾನೆಯೊಂದರಲ್ಲಿ ಗುಳಿಗೆ ಪ್ಯಾಕ್ ಮಾಡುತ್ತಿದ್ದಳು. ತಲೆನೋವು, ಮೈಕೈ ನೋವಿನ ಗುಳಿಗೆಗಳು. ದಿನವಿಡೀ ನಿಂತೇ ಡಬ್ಬಿ ತುಂಬಬೇಕು. ಆ ಕೂಲಿಯಲ್ಲೇ ನನ್ನನ್ನು ಓದಿಸಿದಳು.

ಆಗ ಹೈದರಾಬಾದಿಗೆ ಕಂಪ್ಯೂಟರಿನ ಜ್ವರ ಏರಿತ್ತು. ಅಮೀರ್‌ಪೇಟೆಯಲ್ಲಿ ಕೋರ್ಸಿನ ಬೋರ್ಡುಗಳಿಂದಾಗಿ ಕಟ್ಟಡಗಳೇ ಕಾಣುತ್ತಿರಲಿಲ್ಲ. ನನಗೆ ಸಿಕ್ಕಿದ್ದು ಅಮೆರಿಕದ ಡಾಕ್ಟರುಗಳ ಮಾತನ್ನು ಟೈಪ್ ಮಾಡುವ ಕೆಲಸ. ಅವರು ರೋಗಿಯನ್ನು ನೋಡಿ ರೆಕಾರ್ಡರಿಗೆ ಗೊಣಗುತ್ತಾರೆ, ನಾವು ಮರುದಿನ ಬೆಳಗಿನ ಪಾಳಿಯಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಕಾಲಲ್ಲಿ ಪೆಡಲ್ ಒತ್ತುತ್ತ ಅದನ್ನು ಅಕ್ಷರಕ್ಕಿಳಿಸುತ್ತೇವೆ. ಕೇಳಿದ್ದನ್ನು ಬರೆಯಿರಿ, ಯೋಚಿಸಬೇಡಿ ಎಂದು ಟೀಮ್ ಲೀಡರ್ ಮೊದಲ ದಿನವೇ ಹೇಳಿದ್ದ. ಯೋಚಿಸದೇ ಇರುವುದಕ್ಕೆ ಎ.ಸಿ., ಕ್ಯಾಬು, ಕೊರಳಿಗೊಂದು ಗುರುತಿನ ಚೀಟಿ. ನಾನು ಆ ಚೀಟಿಯನ್ನು ಗಲ್ಲಿ ದಾಟುವವರೆಗೆ ಸೆರಗಿನ ಮೇಲೆ ಕಾಣುವಂತೆ ಹಾಕಿಕೊಳ್ಳುತ್ತಿದ್ದೆ. ಗಲ್ಲಿಯವರು ನನ್ನನ್ನು ಅರ್ಧ ಡಾಕ್ಟರ್ ಎಂದುಕೊಂಡಿದ್ದರು. ನಾನು ತಿದ್ದಲಿಲ್ಲ, ಏಕೆಂದರೆ ನಾನೂ ಹಾಗೇ ಎಂದುಕೊಂಡಿದ್ದೆ.

ಅವ್ವನಿಗೆ ಸಕ್ಕರೆ ಕಾಯಿಲೆ ಬಂದು ಕೆಲವು ವರ್ಷಗಳಾಗಿದ್ದವು. ನೆನಪಾದಾಗ ಗುಳಿಗೆ, ಉಳಿದಂತೆ ಬೆಲ್ಲದ ಚಹಾ. ಬೆಲ್ಲ ಸಕ್ಕರೆಯಲ್ಲ ಎಂಬುದು ಅವಳ ವಾದ. ಒಂದು ಬೇಸಿಗೆಯಲ್ಲಿ ಅವಳ ಪಾದ ಉರಿಯತೊಡಗಿತು.

"ಕೆಂಡದ ಮ್ಯಾಲೆ ನಿಂತಂಗ ಆಗೈತಿ ಯವ್ವಾ. ಎರಡು ಗುಳಗಿ ನುಂಗೀನಿ, ಏನೂ ಹತ್ತವಲ್ದು," ಎಂದಳು.

ನುಂಗಿದ್ದು ತನ್ನ ಕಾರ್ಖಾನೆಯದೇ ಗುಳಿಗೆ. ಎರಡು ಮೂರಾಯಿತು, ಮೂರು ನಾಲ್ಕಾಯಿತು. ಉರಿ ಕದಲಲಿಲ್ಲ. ಕೊನೆಗೆ ಅವಳೇ ಕಾರಣ ಕಂಡುಹಿಡಿದಳು: "ಇಡೀ ಗಲ್ಲಿ ಮಂದಿಗೆ ಹತ್ತತೈತಿ, ನನಗ್ಯಾಕ ಹತ್ತವಲ್ದು? ದಿನಾ ಮುಟ್ಟಿ ಮುಟ್ಟಿ ಮೈಗೆ ರೂಢಿ ಆಗಿರಬೇಕು. ಬ್ಯಾರೆ ಕಂಪನಿದು ತಂದ್ಕೊಡು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕು, ಮೆಡಿಕಲ್ ಶಾಪಿಗೆ ಹೋಗಿ ಬೇರೆ ಕಂಪನಿಯ, ಇನ್ನೂ ಜೋರಿನ ಗುಳಿಗೆ ತಂದುಕೊಟ್ಟೆ. ವಿಜ್ಞಾನದ ಪದವೀಧರೆಯ ವಿಜ್ಞಾನ ಅಷ್ಟೇ.

ಅದೂ ಹತ್ತದಿದ್ದಾಗ ಕಾರ್ಮಿಕರ ದವಾಖಾನೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮ ಅರ್ಧ ತೆಲುಗು, ಅರ್ಧ ಹಿಂದಿಯಲ್ಲಿ ಮಾತಾಡುವವರು. ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಅವರು ನನ್ನ ಗುರುತಿನ ಚೀಟಿಯನ್ನೊಮ್ಮೆ ನೋಡಿ, ಅವ್ವನ ಕಡೆಗೇ ತಿರುಗಿ ಹೇಳಿದರು: "ಈ ನೋವಿನ ಗುಳಿಗೆಗಳೆಲ್ಲ ಇವತ್ತಿಗೇ ಬಂದ್. ಸಕ್ಕರೆ ನಿಮ್ಮ ಪಾದದ ನರಗಳನ್ನೇ ಕೆಡಿಸಿದೆ. ಪೆಟ್ಟಾದಾಗ, ಬಾವು ಬಂದಾಗ ಹತ್ತುವ ಗುಳಿಗೆ ಈ ಉರಿಗೆ ಹತ್ತೋದಿಲ್ಲ. ನೋವು ಹೋಗೋದಿಲ್ಲ, ಕಿಡ್ನಿ ಹೋಗುತ್ತೆ." ಒಂದು ಚಿಕ್ಕ ಗುಳಿಗೆ ಬರೆದು, ಮಲಗುವ ಮುಂಚೆ ತಗೊಳ್ಳಿ ಅಂದರು. ಹದಿನೈದು ದಿನ ಬಿಟ್ಟು ಬರಬೇಕಂತೆ.

ಆ ಗುಳಿಗೆಯ ಹೆಸರನ್ನು ನಾನು ಆಫೀಸಿನ ದಪ್ಪ ಔಷಧ ನಿಘಂಟಿನಲ್ಲಿ ಹುಡುಕಿದೆ. ಮಾನಸಿಕ ಖಿನ್ನತೆಗೆ ಕೊಡುವ ಔಷಧ ಎಂದಿತ್ತು. ಅದರ ಕೆಳಗೆ ಇನ್ನೂ ನಾಲ್ಕು ಸಾಲುಗಳಿದ್ದವು. ನಾನು ಓದಲಿಲ್ಲ. ಮೊದಲ ಸಾಲಿಗೇ ನನ್ನ ತಲೆ ಕಾದಿತ್ತು. ಕೂಲಿ ಹೆಂಗಸು ಪಾದ ಉರಿಯುತ್ತೆ ಅಂದರೆ ಇವರಿಗೆ ಹುಚ್ಚಿಯ ಹಾಗೆ ಕಾಣುತ್ತಾಳೆ. ಕಾರಿನಲ್ಲಿ ಬಂದಿದ್ದರೆ ಹೀಗೆ ಬರೆಯುತ್ತಿದ್ದರೇ? ನಮ್ಮನ್ನು ಹಾಗೆ ಕಂಡವರು ಜೀವಮಾನದಲ್ಲಿ ಎಷ್ಟೋ ಜನ. ಈ ಸಲ ಮನೆಯಲ್ಲಿ ಇಂಗ್ಲಿಷ್ ಓದಬಲ್ಲವಳಿದ್ದಾಳೆ, ಅದು ಅವರಿಗೆ ಗೊತ್ತಾಗಲಿ ಎಂದುಕೊಂಡೆ. ಔಷಧಿ ಚೀಟಿಯನ್ನು ಮಡಚಿ ನನ್ನ ಸರ್ಟಿಫಿಕೇಟಿನ ಫ್ರೇಮಿನ ಹಿಂದೆ ಸಿಕ್ಕಿಸಿದೆ. ಅವ್ವನಿಗೆ, "ಆ ಡಾಕ್ಟರಿಗೆ ಏನೂ ತಿಳಿಯಂಗಿಲ್ಲ," ಎಂದೆ. ಓದಿದ ಮಗಳು ಹೇಳಿದ ಮೇಲೆ ಅವಳಿಗೆ ಎರಡನೇ ಮಾತಿಲ್ಲ. ಮತ್ತೆ ಅದೇ ಜೋರಿನ ಗುಳಿಗೆ, ಹೊತ್ತಿಗೆರಡು.

ಹದಿನೈದು ದಿನ ಕಳೆಯಿತು, ಇನ್ನೊಂದು ವಾರವೂ ಆಯಿತು. ಅವ್ವನ ಕಣ್ಣ ಕೆಳಗೆ ಬಾವು. ಬೆಳಿಗ್ಗೆ ಚಪ್ಪಲಿಯಲ್ಲಿ ಕಾಲು ತೂರುತ್ತಿರಲಿಲ್ಲ. ನಾನು ಕ್ಯಾಬು ಹತ್ತಿ ಆಫೀಸಿಗೆ ಹೋಗುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ಕಿವಿಯಲ್ಲಿ ಅಮೆರಿಕದ ಯಾವನೋ ಡಾಕ್ಟರ್ ಆಕಳಿಸುತ್ತ ಹೇಳತೊಡಗಿದ. ರೋಗಿ ಹೆಂಗಸು, ಬಹುಕಾಲದ ಸಕ್ಕರೆ ಕಾಯಿಲೆ, ಎರಡೂ ಪಾದ ಉರಿ. ತಾನೇ ಅಂಗಡಿಯಿಂದ ನೋವಿನ ಗುಳಿಗೆ ತಂದು ತಿಂಗಳುಗಟ್ಟಲೆ ನುಂಗಿದ್ದಾಳೆ, ಉಪಯೋಗವಾಗಿಲ್ಲ, ಕಿಡ್ನಿಗೆ ಪೆಟ್ಟಾಗಿದೆ. ಅವನ್ನು ನಿಲ್ಲಿಸಿ, ನರದ ನೋವಿಗಾಗಿ ಇದನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದೆ. 'ಇದು' ಅಂದರೆ ನಮ್ಮ ಗೋಡೆಯ ಮೇಲೆ ಫ್ರೇಮಿನ ಹಿಂದೆ ಮಡಚಿಟ್ಟ ಹೆಸರು.

ಪೆಡಲ್ ಒತ್ತಿ ಹಿಂದಕ್ಕೆ ಹೋದೆ, ಮತ್ತೆ ಕೇಳಿದೆ. ಅದೇ ಹೆಸರು. ನನ್ನ ಹಳೆಯ ಫೈಲುಗಳನ್ನು ತೆರೆದು ನೋಡಿದರೆ, ಇದೇ ಉರಿಗೆ ಇದೇ ಗುಳಿಗೆಯನ್ನು ನಾನೇ ಎಷ್ಟೋ ಸಲ ಟೈಪ್ ಮಾಡಿದ್ದೆ. ಒಂದಕ್ಷರವೂ ತಪ್ಪಿರಲಿಲ್ಲ. ಆ ಫೈಲುಗಳಿಗೆ ಟೀಮ್ ಲೀಡರ್ ನನ್ನನ್ನು ಎಲ್ಲರೆದುರು ಹೊಗಳಿದ್ದ. ಅಷ್ಟು ಇಂಗ್ಲಿಷ್ ನನ್ನ ಬೆರಳಿನಿಂದ ಹರಿದು ಹೋಗಿತ್ತು, ತಲೆಗೆ ಒಂದು ಹನಿಯೂ ತಾಗಿರಲಿಲ್ಲ.

ರಜೆ ಹಾಕಿ ಮನೆಗೆ ಓಡಿದೆ. ಫ್ರೇಮು ಇಳಿಸಿ ಚೀಟಿ ತೆಗೆದಾಗ ಅವ್ವ ನೋಡುತ್ತ ನಿಂತಿದ್ದಳು. ದಾರಿಯಲ್ಲಿ ಎಲ್ಲ ಹೇಳಿದೆ. "ಹೂಂ" ಅಂದಳು.

ಡಾಕ್ಟರಮ್ಮ ಬಾವು ಒತ್ತಿ ನೋಡಿ, ರಕ್ತ ತೆಗೆಸಿದರು. ಮರುದಿನ ರಿಪೋರ್ಟ್ ನೋಡಿ ಸಿಟ್ಟಾದರು: "ಕಿಡ್ನಿ ಸೋತಿದೆ. ಹೋದದ್ದು ಎಷ್ಟು ವಾಪಸ್ ಬರುತ್ತೋ ಗೊತ್ತಿಲ್ಲ. ನಾನು ಬರೆದದ್ದು ಯಾಕೆ ತಗೊಳ್ಳಲಿಲ್ಲ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ತನ್ನ ಮುರುಕು ಹಿಂದಿಯಲ್ಲಿ ಉತ್ತರ ಕೊಟ್ಟಿದ್ದಳು: "ಭೂಲ್ ಗಯೀ ಮೇಡಂ." ಮರೆತುಬಿಟ್ಟಳಂತೆ.

ಡಾಕ್ಟರಮ್ಮ ಅವಳ ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಬರೆದರು: ಬರೆದುಕೊಟ್ಟ ಔಷಧಿಯನ್ನು ರೋಗಿ ತೆಗೆದುಕೊಂಡಿಲ್ಲ. ಆ ಸಾಲನ್ನೂ ನಾನು ಎಷ್ಟೋ ಅಮೆರಿಕನ್ನರ ಹೆಸರಿನ ಕೆಳಗೆ ಟೈಪ್ ಮಾಡಿದ್ದೆ.

"ಮೇಡಂ, ಅದು ತಪ್ಪು. ಚೀಟಿ ಮುಚ್ಚಿಟ್ಟವಳು ನಾನು," ಎಂದೆ. ಈ ಸಲ ತೆಲುಗಿನಲ್ಲಿ.

"ಏನು ಓದಿದ್ದೀರಿ?"

"ಬಿ.ಎಸ್ಸಿ."

"ಒಳ್ಳೇದು. ಆದರೆ ನಿಮ್ಮ ಹೆಸರಿನಲ್ಲಿ ಇಲ್ಲಿ ಚೀಟಿ ಇಲ್ಲವಲ್ಲ, ಎಲ್ಲಿ ಬರೆಯಲಿ?" ಎಂದು ಮುಂದಿನವರನ್ನು ಕರೆದರು.

ಹೊರಗೆ ಬಂದ ಮೇಲೆ ಅವ್ವ ಬೈದಳು. "ನಡುವ ನೀ ಯಾಕ ಬಾಯಿ ಹಾಕಿದಿ? ನಾ ಹೆಬ್ಬೆಟ್ಟು, ಬೈದ್ರ ಬೈಲಿ. ನಿನ್ನ ಓದಿಗೆ ಮಂದಿ ನಕ್ಕರ ನನ್ನ ಕೈಲಿ ತಡ್ಕೊಳ್ಳಾಕ ಆಗಂಗಿಲ್ಲ."

ಚಿಕ್ಕ ಗುಳಿಗೆ ಮೂರು ವಾರ ತೆಗೆದುಕೊಂಡ ಮೇಲೆ ಕೆಂಡ ಬೂದಿಯಾಯಿತು ಅಂದಳು. ಪೂರ್ತಿ ಆರಲಿಲ್ಲ. ಬಾವು ಇಳಿಯಿತು. ಕಿಡ್ನಿ ಮಾತ್ರ ಮೊದಲಿನಂತಾಗಲಿಲ್ಲ. ಉಪ್ಪು ಕಡಿಮೆ, ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ.

ದವಾಖಾನೆಯಲ್ಲಿ ಡಾಕ್ಟರುಗಳು ಬದಲಾಗುತ್ತಲೇ ಇರುತ್ತಾರೆ. ಬಂದವರೆಲ್ಲ ಹಳೆಯ ಚೀಟಿ ತಿರುವಿ, ಆ ಸಾಲಿಗೆ ಬಂದು ನಿಂತು, ಅವ್ವನಿಗೆ ಹೊಸದಾಗಿ ಬುದ್ಧಿ ಹೇಳುತ್ತಾರೆ. ಓದಿದ ಮಗಳಿದ್ದಾಳೆ, ಅವಳು ಹೇಳಿದ ಹಾಗೆ ಕೇಳಬಾರದೇ ಎಂದು ನನ್ನ ಕಡೆಗೆ ಕೈ ತೋರಿಸುತ್ತಾರೆ. ಅವ್ವ ತಲೆಯಾಡಿಸಿ, ಇನ್ನು ಮುಂದೆ ಕೇಳುತ್ತೇನೆ ಅನ್ನುತ್ತಾಳೆ. ನಾನು ಅವಳ ಚೀಲ ಹಿಡಿದುಕೊಂಡು ನಿಂತಿರುತ್ತೇನೆ.