ಅತ್ತೆಯ ಮಧ್ಯಾಹ್ನದ ಗಂಜಿ

ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರ್, ಆಗಿದ್ದ ಶ್ರೀರಂಗ ಮೈಸೂರಿನವನು. ಒಗ್ಗರಣೆ ಬೀಳದ್ದನ್ನು ಅಡುಗೆಯೆಂದೇ ಒಪ್ಪದ ಮನೆಯಲ್ಲಿ ಬೆಳೆದವನು. ಅಂಥವನು 2016ರ ಚಳಿಗಾಲದಲ್ಲಿ ದಿನಾ ಬೆಳಿಗ್ಗೆ ಒಲೆಯ ಮುಂದೆ ನಿಂತು, ನೆನೆಸಿದ ಅಕ್ಕಿಯನ್ನು ತರಿತರಿಯಾಗಿ ರುಬ್ಬಿ, ಎಳ್ಳೆಣ್ಣೆಯಲ್ಲಿ ಹುರಿದು, ನೀರು ಹೊಯ್ದು, ತಳ ಹಿಡಿಯದಂತೆ ಕೈಯಾಡಿಸುತ್ತ ಜುಕ್ ಎಂಬ ಕೊರಿಯಾದ ಗಂಜಿ ಕಾಯಿಸುತ್ತಿದ್ದ. ಸಾಸಿವೆ ಇಲ್ಲ, ಮೆಣಸಿಲ್ಲ, ಉಪ್ಪು ಹೆಸರಿಗಷ್ಟೇ. ಒಂದು ದಿನ ಸಿಹಿಗುಂಬಳದ್ದು, ಒಂದು ದಿನ ಕ್ಯಾರೆಟ್ಟಿನದು. ಜೊತೆಗೆ ಹಬೆಯಲ್ಲಿ ಬೇಯಿಸಿದ ಮೊಟ್ಟೆ. ಕೊರಿಯಾದವಳಾದ ಅವನ ಹೆಂಡತಿ ಸೂಜಿನ್‌ಗೆ ಮ್ಯಾಂಚೆಸ್ಟರಿನಲ್ಲಿ ಕೆಲಸ, ಬೆಳಕು ಹರಿಯುವ ಮೊದಲೇ ರೈಲು. ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದ ಅವಳ ತಾಯಿಗೆ ನುಂಗಲು ಆಗುತ್ತಿದ್ದದ್ದು ಇಂಥ ಮೆತ್ತನೆಯ ಊಟ ಮಾತ್ರ.

ರಾತ್ರಿ ಮಗಳು ಪಕ್ಕದಲ್ಲಿ ಊಟಕ್ಕೆ ಕೂತರೆ ಅತ್ತೆ ಬಟ್ಟಲು ಖಾಲಿ ಮಾಡುತ್ತಿದ್ದರು. ಮಧ್ಯಾಹ್ನದ್ದು ಮಾತ್ರ ಇಟ್ಟಲ್ಲೇ ತಣ್ಣಗಾಗಿ ಕೆನೆಗಟ್ಟಿರುತ್ತಿತ್ತು. ತೂಕ ಇಳಿಯುತ್ತಲೇ ಇತ್ತು. ಹೀಗೇ ಆದರೆ ನರ್ಸಿಂಗ್ ಹೋಮಿಗೆ ಸೇರಿಸಬೇಕಾಗುತ್ತದೆ ಎಂದು ಊರಿನ ಆಡಳಿತದ ಕೌನ್ಸಿಲ್ಲಿನವರು ಹೇಳಿ ಹೋಗಿದ್ದರು. ಬರುತ್ತಿದ್ದ ನಾಲ್ಕು ಇಂಗ್ಲಿಷ್ ಮಾತೂ ಮರೆತುಹೋಗಿರುವ ಅಮ್ಮ ಅಲ್ಲಿ ಬದುಕುವುದಿಲ್ಲವೆಂದು ಸೂಜಿನ್ ಅಳುತ್ತಿದ್ದಳು. ತನ್ನ ಕೈರುಚಿಯೇ ಸರಿಯಿಲ್ಲವೇನೋ ಎಂದು ಶ್ರೀರಂಗ ಉಪ್ಪು ಇನ್ನೂ ಇಳಿಸಿದ, ನೀರು ಹೆಚ್ಚಿಸಿದ. ಕೊನೆಗೆ ರೋಸಿಹೋಗಿ, ಒಂದು ಮಧ್ಯಾಹ್ನ ಕ್ಲಿನಿಕ್ಕಿನಿಂದ ತಾನೇ ಮನೆಗೆ ಬಂದ.

ಆರೈಕೆಗೆಂದು ಏಜೆನ್ಸಿಯವರು ಕಳಿಸುತ್ತಿದ್ದ ಕೆಲ್ಲಿ ಎಂಬ ಹುಡುಗಿ ಕೋಟು ಕೂಡ ಬಿಚ್ಚಿರಲಿಲ್ಲ. ಅವಳಿಗೆ ಒಂದು ಮನೆಗೆ ಕಾಲು ಗಂಟೆ. ಮಾತ್ರೆ, ಬಟ್ಟೆ, ಊಟ ಎಲ್ಲ ಅಷ್ಟರೊಳಗೇ ಮುಗಿಯಬೇಕು. ಮುದುಕರ ಹೊಟ್ಟೆಗೆ ಗಡಿಯಾರ ಕಟ್ಟಿದ ಪುಣ್ಯಾತ್ಮರು ಯಾರೋ, ಅವರಿಗೂ ಒಂದು ದಿನ ಹಲ್ಲುದುರಲಿ. ಕೆಲ್ಲಿ ನಿಂತುಕೊಂಡೇ ಚಮಚ ಚಾಚಿದಳು. ಅತ್ತೆ ಮುಖ ಹಿಂದಕ್ಕೆಳೆದುಕೊಂಡು, ಅವಳನ್ನೇ ನೋಡುತ್ತ, "ಬಪ್ ಮೊಗೊಸ್ಸೊ?" ಎಂದರು. ಆಮೇಲೆ ತುಟಿ ಬಿಗಿದರು.

"ನೋಡಿ ಡಾಕ್ಟರ್, ದಿನಾ ಇದೇ ಗೋಳು. ಅದೇನೋ ಅಂತಾರೆ, ಆಮೇಲೆ ಬಾಯೇ ತೆಗೆಯೋದಿಲ್ಲ," ಎಂದಳು ಕೆಲ್ಲಿ.

ಶ್ರೀರಂಗನಿಗೆ ಬರುತ್ತಿದ್ದ ಕೊರಿಯನ್ ಅಷ್ಟಕ್ಕಷ್ಟೇ. ಆದರೆ ಈ ಮಾತು ಬರುತ್ತಿತ್ತು. ಮದುವೆಯಾದಾಗಿನಿಂದ ಅತ್ತೆ ಅವನನ್ನು ಕಂಡ ಕೂಡಲೇ ಕೇಳುತ್ತಿದ್ದದ್ದು ಅದನ್ನೇ. ಮೈಸೂರಿನಲ್ಲಿ ಅವನಮ್ಮ ಫೋನೆತ್ತಿದ ಕೂಡಲೇ ಕೇಳುತ್ತಿದ್ದದ್ದೂ ಅದನ್ನೇ.

"ನಿಮ್ಮದು ಊಟ ಆಯ್ತಾ ಅಂತ ಕೇಳ್ತಿದಾರೆ," ಎಂದ. "ಮನೆಗೆ ಬಂದವರು ಹಸಿದು ನಿಂತಿರುವಾಗ ಅವರು ಉಣ್ಣೋದಿಲ್ಲ. ಆಯ್ತಾ ನಿಮ್ಮದು?"

ಕೆಲ್ಲಿ ಚಮಚ ಕೆಳಗಿಟ್ಟಳು. "ಇಲ್ಲ. ನಾಲ್ಕು ಗಂಟೆವರೆಗೂ ಬಿಡುವೇ ಇಲ್ಲ."

ಶ್ರೀರಂಗನಿಗೆ ಮೈಯೆಲ್ಲ ಉರಿದುಹೋಯಿತು. ಹಸಿದವಳನ್ನು ಕಳಿಸಿ ಇನ್ನೊಬ್ಬರಿಗೆ ಉಣಿಸು ಎನ್ನುವವರು, ಮೇಲಿಂದ ಮುದುಕಿ ಉಣ್ಣುವುದಿಲ್ಲ, ನರ್ಸಿಂಗ್ ಹೋಮಿಗೆ ಸೇರಿಸಿ ಎನ್ನುತ್ತಾರೆ. ಅವನು ಇನ್ನೊಂದು ಬಟ್ಟಲಿಗೆ ಗಂಜಿ ಬಡಿಸಿ ಕೆಲ್ಲಿಯನ್ನು ಕೂರಿಸಿದ. ಅವಳು ಸಂಕೋಚಪಡುತ್ತ ಎರಡು ಚಮಚ ತಿಂದದ್ದನ್ನು ಕಣ್ಣಾರೆ ನೋಡಿದ ಮೇಲೆ ಅತ್ತೆ ಬಾಯಿ ತೆರೆದರು. ಬಟ್ಟಲಿನ ತಳ ಕಂಡಿತು.

ಕೆಲ್ಲಿ ಮುಂದಿನ ಮನೆಗೆ ತಡವಾಗಿ ಹೋದಳಂತೆ. ಸಂಜೆ ಏಜೆನ್ಸಿಯ ಮ್ಯಾನೇಜರ್ ಫೋನ್ ಮಾಡಿ, ಕೆಲಸಕ್ಕೆ ಬಂದವರು ಅಲ್ಲಿ ಊಟ ಮಾಡುವಂತಿಲ್ಲ, ಅದು ನಿಯಮ, ಎಂದು ನಯವಾಗಿ ತಿಳಿಸಿದಳು. ಬೇಕಿದ್ದರೆ ನಾಳೆಯಿಂದ ಬೇರೆಯವರನ್ನು ಕಳಿಸುತ್ತೇವೆ ಎಂದಳು.

"ಯಾರನ್ನೇ ಕಳಿಸಿ," ಎಂದ ಶ್ರೀರಂಗ. "ಊಟ ಮಾಡಿಸಿ ಕಳಿಸಿ. ಇಲ್ದಿದ್ರೆ ನಮ್ಮನೇಲಿ ಎರಡು ಬಟ್ಟಲು ಇರುತ್ತೆ."