ಜೋಳದ ಉಸಿರು, ಕುಸುಬಿಯ ಉಸಿರು

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಕಲಬುರ್ಗಿಯ ನಮ್ಮ ಕಾಲೇಜಿನಲ್ಲಿ ಉರ್ದು ಪಾಠಗಳು ಇಂಗ್ಲಿಷಿಗೆ ತಿರುಗಿದವು. ನನಗೆ ಎರಡೂ ಅರೆಬರೆ. ಅಂಥದರಲ್ಲಿ ಒಂದು ದಿನ ನಮ್ಮ ಸಸ್ಯಶಾಸ್ತ್ರದ ಸರ್ ಮೊಳಕೆಯೊಡೆದ ಜೋಳವನ್ನೂ ಕುಸುಬಿಯನ್ನೂ ಎರಡು ಗಾಜಿನ ಬುರುಡೆಗಳಲ್ಲಿ ಹಾಕಿ, ಅವುಗಳ ಕೊಳವೆಗಳನ್ನು ಪಾದರಸದಲ್ಲಿ ಅದ್ದಿಟ್ಟರು. ಸಂಜೆಗೆ ಕುಸುಬಿಯ ಕೊಳವೆಯಲ್ಲಿ ಪಾದರಸ ಮೇಲೇರಿತ್ತು. ಜೋಳದ್ದು ಅಲುಗಿರಲಿಲ್ಲ.

“ಜೋಳ ಸತ್ತದೇನ್ರೀ ಸರ?” ಎಂದೆ.

“ಇಲ್ಲವ್ವಾ, ಅದೂ ಉಸುರಾಡಾಕತ್ತದ. ಅದು ತನ್ನೊಳಗಿನ ಹಿಟ್ಟು ಸುಡತದ, ತಗೊಂಡಷ್ಟೇ ಗಾಳಿ ವಾಪಸ್ ಬಿಡತದ. ಅದಕ್ಕ ಬರಾಬರ್. ಕುಸುಬಿ ಎಣ್ಣಿ ಸುಡತದ. ಅದು ತಗೊಳ್ಳೋದು ಜಾಸ್ತಿ, ಬಿಡೋದು ಕಮ್ಮಿ; ಒಳಗ ಗಾಳಿ ಕಮ್ಮಿ ಆಗಿ ಪಾದರಸ ಮ್ಯಾಲ ಏರತದ. ಗಾಳಿ ಅಳದ್ರ ಒಳಗೇನು ಉರಿಯಾಕತ್ತದ ಅಂತ ತಿಳೀತದ.”

ಉಸಿರಾಡುವುದು ಸತ್ತಂತೆ ಕಾಣುವುದು ಹೇಗೆಂದು ನನಗೆ ಹೊಳೆಯಲಿಲ್ಲ. ಭಾನುವಾರ ನಮ್ಮೂರು ಕಮಲಾಪುರಕ್ಕೆ ಹೋದಾಗ ಅವ್ವನಿಗೆ ಹೇಳಿದೆ.

“ನಾವು ಜೋಳದ ರೊಟ್ಟಿಗಿ ಕುಸುಬಿ ಎಣ್ಣಿ ಹಚ್ಕೊಂಡು ಉಣ್ತೀವಲ್ಲ, ನಮ್ಮ ಉಸುರು ಯಾವುದವ್ವಾ?” ಎಂದಳು.

ಮರುದಿನ ಕೇಳಿದರೆ ಸರ್ ನಕ್ಕು, “ಎರಡರ ನಡುವಿಂದು” ಎಂದರು. ಒಂದೇ ಉಸಿರಿನಲ್ಲಿ ಎರಡು ಉರಿ ಹೇಗೆ? ಮಧ್ಯಾಹ್ನ ಬುತ್ತಿ ಬಿಚ್ಚಿಕೊಂಡು, ಕುಸುಬಿ ಎಣ್ಣೆ ಹಚ್ಚಿದ ಜೋಳದ ರೊಟ್ಟಿಯ ತುತ್ತು ಮುರಿಯದೆ ಬಹಳ ಹೊತ್ತು ಕೂತಿದ್ದೆ.