ಹಿಟ್ಟಿನ ಧೂಳು ಸೋಕದ ಮನೆ ಹುಡುಕುವಾಕೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಖಾಲಿ ಮನೆಯೊಂದರ ಅಡುಗೆಕೋಣೆಯಲ್ಲಿ ಆಕೆ ಕಿಟಕಿಯ ಜಾಲರಿಗೆ ಕಪ್ಪು ಬಟ್ಟೆ ಒತ್ತಿ ತೆಗೆಯುತ್ತಾಳೆ. ಬಟ್ಟೆಯ ಮೇಲೆ ತೆಳ್ಳಗೆ ಬಿಳಿ ಪುಡಿ. ಹಿಂದಿನ ಓಣಿಯಲ್ಲಿ ಹಿಟ್ಟಿನ ಗಿರಣಿ ಆಗಲೇ ಗುರುಗುಡುತ್ತಿದೆ.

"ಬೆಳಗಾಗೋದೇ ತಡ, ಮನೆಗೆ ಐಬು ಹುಡುಕೋಕೆ ಬಂದ್ಯೇನಮ್ಮಾ?" ಎಂದು ಮನೆಯೊಡೆಯ ಮುಖ ಗಂಟಿಕ್ಕುತ್ತಾನೆ.

"ಮನೆ ಬಂಗಾರದಂಗಿದೆ ಯಜಮಾನ್ರೇ. ಇವ್ರ ಹೊಟ್ಟೆಗೆ ಆಗ್ಬರಲ್ಲ, ಅಷ್ಟೇ."

'ಇವರು' ಎಂದರೆ ಪಕ್ಕದಲ್ಲಿ ನಿಂತ ದರ್ಜಿ ಹೆಂಗಸು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಅಂಟಿನಂಶ ಚೂರೇ ಚೂರು ಹೊಟ್ಟೆಗೆ ಹೋದರೂ ಸಾಕು, ಈಕೆ ಹಾಸಿಗೆ ಹಿಡಿಯುತ್ತಾಳೆ. ಗಂಡ ಊರೂರು ಸುತ್ತುವ ಲಾರಿ ಚಾಲಕ. ಹಾಗಾಗಿ ಮನೆ ನೋಡಲು ಅತ್ತೆ ಜೊತೆಗೆ ಬಂದಿದ್ದಾರೆ.

ಬಟ್ಟೆ ಮಡಚುತ್ತಿರುವಾಕೆಯನ್ನು ಎಲ್ಲರೂ ಕರೆಯುವುದು 'ಮನೆ ಅಕ್ಕ' ಎಂದು. ಬಾಡಿಗೆ ಮನೆ ತೋರಿಸುವ ದಲ್ಲಾಳಿಗಳು ಬೀದಿಗೊಬ್ಬರಿದ್ದಾರೆ. ಗ್ಲುಟೆನ್ ಆಗದವರಿಗೆಂದೇ ಮನೆ ಹುಡುಕುವವಳು ಈಕೆಯೊಬ್ಬಳೇ. ನಸುಕಿನಲ್ಲೇ ಯಾಕೆ ಬರುತ್ತಾಳೆಂದು ಕೇಳಿದರೆ ನಗುತ್ತಾಳೆ. "ಮಧ್ಯಾಹ್ನ ಎಲ್ಲಾ ಬೀದೀನೂ ಸಾಧುನೇ. ಗಿರಣಿ, ಬೇಕರಿ ಏಳೋ ಹೊತ್ತಿಗೆ ಬಂದ್ರೆ ಅದರ ನಿಜ ಬಣ್ಣ ಗೊತ್ತಾಗುತ್ತೆ."

ಈ ಕೆಲಸ ಆಕೆ ಬಯಸಿ ಹಿಡಿದದ್ದಲ್ಲ. ಆಕೆಯ ಗಂಡ ಬೇಕರಿಯ ಒಲೆ ನೋಡಿಕೊಳ್ಳುತ್ತಿದ್ದ. ಸಂಸಾರ ಅದರ ಮಹಡಿಯ ಮೇಲೆಯೇ. ಮಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡ್ಡಿಯಾಗುತ್ತಾ ಹೋದಳು. ಕಂಡಕಂಡ ಔಷಧವೆಲ್ಲ ಮುಗಿದ ಮೇಲೆ ಒಬ್ಬ ವೈದ್ಯೆ ಪರೀಕ್ಷೆ ಮಾಡಿಸಿ, ಇದು ಗ್ಲುಟೆನ್ ಆಗದ ಸೀಲಿಯಾಕ್ ಕಾಯಿಲೆ ಎಂದರು. ತಟ್ಟೆಯಿಂದ ಬ್ರೆಡ್ಡು ಹೋಯಿತು, ಆದರೆ ಹಿಟ್ಟು ಮನೆ ಬಿಡಲಿಲ್ಲ. ಮೆಟ್ಟಿಲ ಮೇಲೆ ಹಿಟ್ಟು, ಅಪ್ಪನ ಅಂಗಿಯಲ್ಲಿ ಹಿಟ್ಟು, ಮಗಳ ತಲೆ ಸವರುವ ಅವನ ಕೈಯಲ್ಲೂ ಹಿಟ್ಟು.

"ಒಂದಿನ ಬಂದೋರೇ, ಏಪ್ರನ್ ಮೊಳೆಗೆ ಹಾಕಿ, 'ನಡಿ, ಬೇರೆ ಕಡೆ ಹೋಗೋಣ' ಅಂದ್ರು. ಆ ಕೆಲಸ ಅಂದ್ರೆ ಅವರಿಗೆ ಜೀವ. ಈಗ ಗೋದಾಮಿನ ಗೇಟು ಕಾಯ್ತಾರೆ. ಒಂದಿನಾನೂ ಅದನ್ನ ಎತ್ತಿ ಆಡಿಲ್ಲ," ಎನ್ನುವಾಗ ಅಕ್ಕನ ದನಿ ತಗ್ಗುತ್ತದೆ.

ಆಗ ಒಂದು ಮನೆಗಾಗಿ ಓಣಿ ಓಣಿ ಅಲೆದವಳಿಗೆ ಊರೆಲ್ಲ ಅಂಗೈಗೆರೆಯಂತಾಯಿತು. ಮಗಳು ಚೇತರಿಸಿಕೊಂಡದ್ದು ನೋಡಿ ಆ ವೈದ್ಯೆಯೇ ಇನ್ನೊಂದು ಸಂಸಾರವನ್ನು ಇವಳ ಬಳಿ ಕಳಿಸಿದರು. ಅಲ್ಲಿಂದ ಕೆಲಸ ತಾನಾಗಿ ಬೆಳೆಯಿತು. ಹಾಸಿಗೆಯಿಂದ ಏಳಲಾರದಿದ್ದ ಮಗಳು ಇಂದು ಈಜು ಕಲಿಸುತ್ತಾಳೆ.

ಎರಡನೆಯ ಮನೆ ಮೂರನೇ ಮಹಡಿಯಲ್ಲಿ. ಕೋಣೆಗಳು ಚಿಕ್ಕವು. ಆದರೆ ಅಡುಗೆಕೋಣೆ ಸ್ವಂತದ್ದು, ಕಿಟಕಿಯಾಚೆ ಬರೀ ಆಕಾಶ. ಬೀದಿ ತುದಿಯ ಅಂಗಡಿಯಲ್ಲಿ ಗೋಧಿ ಸೋಕದ ಬೇರೆಯದೇ ಯಂತ್ರದಲ್ಲಿ ಬೀಸಿದ ಅಕ್ಕಿಹಿಟ್ಟು ಸಿಗುತ್ತದೆ. ಅತ್ತೆ ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆಯೇ ಕೂರುತ್ತಾರೆ. "ಒಬ್ಬಳ ಹೊಟ್ಟೆಗೋಸ್ಕರ ಎಲ್ರೂ ಗೂಡು ಸೇರ್ಬೇಕಾ? ನನಗೆ ಸಂಜೆ ಬನ್ನು ಇಲ್ದಿದ್ರೆ ಆಗಲ್ಲಮ್ಮಾ."

ಸೊಸೆ ನೆಲ ನೋಡುತ್ತಾಳೆ. "ಇದು ಬೇಡ ಬಿಡಿ ಅಕ್ಕ," ಎಂದು ಅವಳು ಹೇಳಿ ಮುಗಿಸುವಷ್ಟರಲ್ಲಿ ಅಕ್ಕ ಅತ್ತೆಯ ಕೈಹಿಡಿದು ಎಬ್ಬಿಸಿ ಬಾಲ್ಕನಿಗೆ ಕರೆದೊಯ್ಯುತ್ತಾಳೆ.

"ಬನ್ನು ಯಾಕೆ ಬಿಡ್ತೀರಾ ಅಮ್ಮಾ? ಇಲ್ಲಿ ನಿಮ್ದೊಂದು ಕಪಾಟು, ನಿಮ್ದೇ ತಟ್ಟೆ. ಬಿಸಿಲು ಕಾಯ್ತಾ ರಾಣಿ ಥರ ತಿನ್ನಿ. ತಿಂದು ಕೈ ತೊಳ್ಕೊಂಡು ಒಳಗೆ ಬನ್ನಿ, ಅಷ್ಟೇ."

ಅತ್ತೆ ಕಟ್ಟೆಯ ಮೇಲೆ ಕೈಯೂರಿ ಬೀದಿ ನೋಡುತ್ತಾರೆ. ಸೊಸೆಯ ಬಿಳಿಚಿದ ಮುಖವನ್ನೂ ನೋಡುತ್ತಾರೆ. "ಇಲ್ಲಿಗೆ ಕುರ್ಚಿ ಮಾತ್ರ ಬೆನ್ನೊರಗೋ ಥರದ್ದೇ ಬೇಕು. ನಿನ್ ಗಂಡಂಗೆ ಹೇಳು," ಎಂದು ಸೊಸೆಗೆ ಅಪ್ಪಣೆ ಕೊಡುತ್ತಾರೆ. ಸೊಸೆ ಕಣ್ಣೊರೆಸಿಕೊಂಡು ನಗುತ್ತಾಳೆ.

ಇಂಥ ಮನೆ ಸೇರಿದವರು ಆಮೇಲೆ ಮಾತಾಡಿಸುತ್ತಾರಾ? ಕೆಳಗಿಳಿಯುತ್ತಾ ಕೇಳಿದ್ದಕ್ಕೆ ಅಕ್ಕ ಇಲ್ಲವೆಂದು ತಲೆಯಾಡಿಸುತ್ತಾಳೆ.

"ಹುಷಾರಿಲ್ದಿದ್ರೆ ತಾನೇ ನನ್ನ ನೆನಪು? ಮರೀಲಿ ಬಿಡಿ. ಮರೆತಿದ್ದಾರೆ ಅಂದ್ರೆ ಅಲ್ಲಿ ಹೊಟ್ಟೆ ತಣ್ಣಗಿದೆ ಅಂತಾನೇ."